ಮೂರೆಕರೆಗೆ ಎಷ್ಟು ಎಚ್‌ಪಿ?

ಎತ್ತು ಮಾರಿದ ವರ್ಷ ಮಿನಿ ಟ್ರ್ಯಾಕ್ಟರ್ ತಗೊಳ್ಳೋಣ ಅಂತ ಹೊರಟವನು ನಾನೇ. ಚನ್ನಗಿರಿ ಕಡೆ ನಮ್ಮದು ಮೂರೆಕರೆ, ಬಹುಪಾಲು ಅಡಿಕೆ. ಬೋರ್‌ವೆಲ್ ಸಾಲ ಇನ್ನೂ ತೀರಿರಲಿಲ್ಲ. ಶೋರೂಮಿನ ಹುಡುಗ 24 ಎಚ್‌ಪಿಯ ಹೊಸ ಗಾಡಿ ತೋರಿಸಿ, "ಲೋನ್ ನಾವೇ ಮಾಡಿಸ್ಕೊಡ್ತೀವಿ ಸಾರ್" ಅಂದ. ಕಂತಿನ ಲೆಕ್ಕ ಹೇಳಿದ. ನನಗೆ ಕಂಡದ್ದು ಬಣ್ಣ ಮಾತ್ರ.

ಅಪ್ಪ ಏನೂ ಅನ್ನದೆ ಟೇಪು ಹಿಡಿದು ತೋಟಕ್ಕೆ ನಡೆದರು. ಮರದಿಂದ ಮರಕ್ಕೆ 9 ಅಡಿ.

"ನುಗ್ಗೋದೇನೋ ನುಗ್ಗುತ್ತೆ. ಸಾಲಿನ ಕೊನೇಲಿ ಬಸಿಗಾಲುವೆ ಐತಲ್ಲ, ಎಲ್ಲಿ ತಿರುಗಿಸ್ತೀಯ?"

ಬುಡದ ಮಣ್ಣು ಕೆರೆದರು. ಗೇಣು ಆಳದಲ್ಲೇ ಬೇರು ಹೆಣೆದುಕೊಂಡಿತ್ತು. "ಇದರ ಮೇಲೆ ರೋಟವೇಟರ್ ಹೊಡೀತೀಯೇನೋ?"

ಆಮೇಲೆ ಕೂತು ಬರೆದೆವು: ವರ್ಷದಲ್ಲಿ ನಿಜವಾದ ಕೆಲಸ ಏನು? ಗೊಬ್ಬರ ಸಾಗಿಸೋದು, ಗೊನೆ ತರೋದು, ಔಷಧಿ ಹೊಡೆಯೋದು. ಉಳುಮೆ ಇರೋದು ಮೆಕ್ಕೆಜೋಳದ ಅರ್ಧ ಎಕರೆಗೆ. ಅದಕ್ಕೆ ಕೃಷಿ ಯಂತ್ರಧಾರೆಯ ಬಾಡಿಗೆ ಗಾಡಿ ಸಾಕು.

ಕೊನೆಗೆ 15 ಎಚ್‌ಪಿಯ, ಒಂದೇ ಸಿಲಿಂಡರಿನ ಹಳೇ ಗಾಡಿ ತಂದೆವು. ನೀವೂ ಹಳೇದು ನೋಡ್ತಿದ್ದರೆ ಒಂದು ಮಾತು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ, ಹೊಗೆ ನೋಡಿ. ಹೈಡ್ರಾಲಿಕ್ಕಿಗೆ ಭಾರ ಕೊಟ್ಟು ಎತ್ತಿಸಿ, ತಾನಾಗೇ ಇಳಿಯುತ್ತಾ ನೋಡಿ. ಆರ್‌ಸಿ ಮೇಲೆ ಹಳೇ ಸಾಲ ಬಾಕಿ ಇದೆಯಾ ವಿಚಾರಿಸಿ.

ಮೊದಲ ದಿನ ಗೊಬ್ಬರದ ಟ್ರೈಲರ್ ಹಿಂದೆ ಅಪ್ಪ ನಡೆದೇ ಬಂದರು. ಸಂಜೆ, ಎಲ್ಲಿ ನಿಲ್ಲಿಸಲಿ ಅಂತ ಕೇಳಿದೆ. ಖಾಲಿ ಕೊಟ್ಟಿಗೆ ಕಡೆ ಕೈ ತೋರಿಸಿದರು.

"ಎತ್ತಿನ ಜಾಗದಲ್ಲೇ ಕಟ್ಟಪ್ಪ."