ಮೂರನೇ ಪಿನ್ನು

ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಹೇಗೋ ದೆಹಲಿಯವರಿಗೆ ನೆಹರು ಪ್ಲೇಸ್ ಹಾಗೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಎಸ್‌.ಪಿ. ರೋಡಿನಲ್ಲಿ ಗಲ್ಲಿಯೊಳಗೆ ಗಲ್ಲಿ. ಇಲ್ಲಿ ನಡುವೆ ವಿಶಾಲವಾದ ಕಲ್ಲುಹಾಸಿನ ಅಂಗಳ, ಅದರ ಸುತ್ತ ಬಹುಮಹಡಿ ಕಟ್ಟಡಗಳು. ಕಚೇರಿಗಳಿಗೆಂದು ಕಟ್ಟಿದ ಜಾಗವಂತೆ. ಕಚೇರಿಗಳೂ ಇವೆ. ಆದರೆ ನಾವು ಹೋಗುತ್ತಿದ್ದ ಕಾಲಕ್ಕೆ ಕೆಳಗಿನ ಮಳಿಗೆಗಳ ತುಂಬ ಕಂಪ್ಯೂಟರಿನ ಬಿಡಿಭಾಗ, ಪಕ್ಕದಲ್ಲೇ ಪರದೆ ಬಟ್ಟೆ, ಪ್ಯಾಂಟ್ ಪೀಸು, ಎದುರಿಗೆ ಛೋಲೆ ಕುಲ್ಚೆ ಗಾಡಿ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಯಾರೋ ಒಬ್ಬ ಹುಡುಗ ಪಕ್ಕಕ್ಕೆ ಬಂದು, 'ಸಾಫ್ಟ್‌ವೇರ್, ಸೀಡಿ?' ಅಂತ ಪಿಸುಗುಟ್ಟುತ್ತಿದ್ದ. ಈ ಕಳ್ಳ ಸೀಡಿಗಳ ದೆಸೆಯಿಂದ ಅಮೆರಿಕ ಸರ್ಕಾರದವರು ಹೊರಡಿಸುವ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲೂ ನೆಹರು ಪ್ಲೇಸಿನ ಹೆಸರು ಬಂತು.

ಅಲ್ಲಿಗೆ ನಾನು ಹೋದದ್ದು ೨೦೦೬ರ ಅಕ್ಟೋಬರಿನಲ್ಲಿ. ಆಗ ನಾವಿದ್ದದ್ದು ಘಾಜಿಯಾಬಾದಿನ ವೈಶಾಲಿಯಲ್ಲಿ. ನಮ್ಮನೆಯವರಿಗೆ ಸಾಹಿಬಾಬಾದ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ನನಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಕರಪತ್ರ, ಪೋಸ್ಟರು, ಇಂಥವೇ. ಕೈಯಲ್ಲಿ ಬರೆದುಕೊಂಡು ಹೋಗಿ ಮಾರ್ಕೆಟ್ಟಿನ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಟೈಪ್ ಮಾಡುತ್ತಿದ್ದೆ. ಪ್ರತಿ ಸಲವೂ ಬರಹವನ್ನೋ ನುಡಿಯನ್ನೋ ಹೊಸದಾಗಿ ಹಾಕಿಕೊಳ್ಳಬೇಕು. ಮಾರನೇ ದಿನ ಹೋದರೆ ಕೆಫೆಯ ಹುಡುಗ ಅದನ್ನು ಅಳಿಸಿರುತ್ತಿದ್ದ. 'ಯೇ ಕೀಡೇ ಮಕೋಡೇ ಕ್ಯಾ ಹೈ ಮೇಡಂ' ಅಂತ ನಗೆ ಬೇರೆ. ನಮ್ಮ ಲಿಪಿ ಅವನಿಗೆ ಹುಳುಹುಪ್ಪಟೆ. ಒಂದು ಸಂಜೆ ಕರೆಂಟು ಹೋಗಿ, ಅವನ ಯುಪಿಎಸ್ ಎರಡೇ ನಿಮಿಷಕ್ಕೆ ಕಿರುಚಿ ಸತ್ತು, ಅಷ್ಟು ಹೊತ್ತು ಟೈಪ್ ಮಾಡಿದ್ದೆಲ್ಲ ಗಾಳಿಗೆ ಹೋಯಿತು.

ಅದೇ ವಾರ ಕೆಲಸ ಕೊಡುವ ಸಂಸ್ಥೆಯವರು ಫೋನು ಮಾಡಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಕೊಡುವ ಕೈಪಿಡಿ, ೨೪೦ ಪುಟ, ಪುಟಕ್ಕೆ ಅರವತ್ತು ರೂಪಾಯಿ. ನವೆಂಬರ್ ಒಂದಕ್ಕೆ ಶುರು ಮಾಡಬೇಕು, ಮನೆಯಲ್ಲಿ ಸ್ವಂತ ಕಂಪ್ಯೂಟರ್ ಇದ್ದರೆ ಮಾತ್ರ. ಇಲ್ಲದಿದ್ದರೆ ಬೇರೆಯವರಿದ್ದಾರೆ. ಅವರಿಗೆ ರಾಜ್ಯೋತ್ಸವದ ವಿಷಯ ಏನೂ ಗೊತ್ತಿರಲಿಲ್ಲ, ತಾರೀಕು ಹಾಗೆ ಬಿದ್ದಿತ್ತು ಅಷ್ಟೆ. ಮದುವೆಯಾಗಿ ಬಂದ ಐದು ವರ್ಷದಲ್ಲಿ ನಾನು ಕೂಡಿಟ್ಟದ್ದು ೩೨,೦೦೦ ರೂಪಾಯಿ. ನಮ್ಮನೆಯವರು, 'ಕಂತಿನ ಮೇಲೆ ಬ್ರ್ಯಾಂಡೆಡ್ ತಗೊಳ್ಳೋಣ ಬಿಡು, ನಾನು ಕಟ್ತೀನಿ' ಅಂದರು. ನನಗೆ ಅದು ಬೇಡವಾಗಿತ್ತು. ಅವರು ಕಟ್ಟುವುದಾದರೆ ಅದು ಮನೆಯ ಕಂಪ್ಯೂಟರು. ನಾನು ಕೊಂಡರೆ ನನ್ನ ಕೆಲಸದ ಕಂಪ್ಯೂಟರು.

ತಿಪಟೂರಿನಲ್ಲಿ ನಮ್ಮಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ೧೯೯೮ರಲ್ಲಿ ನಿವೃತ್ತರಾದವರು. ಮರುವರ್ಷವೇ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, ಆಮೇಲೆ ಬೆಸ್ಕಾಂ ಬಂತು. ಅಪ್ಪನ ಬಾಯಲ್ಲಿ ಮಾತ್ರ ಕೊನೇವರೆಗೂ ಕೆಇಬಿಯೇ. ಒಂದು ರೂಪಾಯಿಗೆ ಒಂದು ನಿಮಿಷ ಎಸ್‌ಟಿಡಿ ಬಂದ ವರ್ಷ ಅದು. ಭಾನುವಾರ ಫೋನಿನಲ್ಲಿ ವಿಷಯ ಹೇಳಿದೆ. ಕಂಪ್ಯೂಟರನ್ನು ಅಪ್ಪ ಮುಟ್ಟಿದವರೇ ಅಲ್ಲ.

'ಅದು ಎಷ್ಟು ವ್ಯಾಟು ಎಳೆಯುತ್ತೆ?' ಅಂದರು.

ಗೊತ್ತಿಲ್ಲ ಅಂದೆ.

'ನಿಮ್ಮನೇಲಿ ವೋಲ್ಟೇಜು?'

ಅದು ಗೊತ್ತಿತ್ತು. ಬೇಸಿಗೆಯ ಸಂಜೆ ಅಕ್ಕಪಕ್ಕದ ಕೂಲರುಗಳೆಲ್ಲ ಒಟ್ಟಿಗೆ ಶುರುವಾದರೆ ಮಾಲೀಕರ ಸ್ಟೆಬಿಲೈಸರಿನ ಮುಳ್ಳು ೧೭೦ಕ್ಕೆ ಇಳಿಯುತ್ತಿತ್ತು. ೨೩೦ ಇರಬೇಕಾದದ್ದು. ಕರೆಂಟು ಹೋಗಿ ಬಂದ ಗಳಿಗೆಯಲ್ಲಿ ಬಲ್ಬು ಬೆಳ್ಳಗೆ ಭಗ್ ಅನ್ನುತ್ತಿತ್ತು.

'ಹಂಗಾದ್ರೆ ಮೊದಲು ಕರೆಂಟು ಕುಡಿಯೋ ಸಾಮಾನು ನೋಡು ಪುಟ್ಟಿ. ಮಿಕ್ಕಿದ್ದು ಆಮೇಲೆ.'

ನೆಹರು ಪ್ಲೇಸಿನ ವ್ಯಾಪಾರಿ ಮಾತು ಶುರು ಮಾಡಿದ್ದು ಸರಿಯಾಗಿ ಇದರ ತಿರುಗಿ. ಮೊದಲು ಪ್ರೊಸೆಸರು. ಇಂಟೆಲ್‌ನ ಕೋರ್ ಟು ಡ್ಯುಯೊ ಬಂದು ಮೂರು ತಿಂಗಳಾಗಿತ್ತು, ಅಂಗಡಿಯವರೆಲ್ಲ ಅದರ ಭಜನೆಯಲ್ಲಿದ್ದರು. ಆಮೇಲೆ ಗ್ರಾಫಿಕ್ಸ್ ಕಾರ್ಡು, ಡಿವಿಡಿ ರೈಟರು. 'ಜನವರಿಗೆ ವಿಸ್ಟಾ ಬರ್ತಾ ಇದೆ ಭಾಯಿಸಾಬ್' ಅಂತ ನಮ್ಮನೆಯವರ ಕಡೆಗೇ ತಿರುಗಿ ಹೇಳುತ್ತಿದ್ದ. ಇವರು ನನ್ನ ಕಡೆ ಬೆರಳು ತೋರಿಸಿ, 'ದುಡ್ಡು ಇವರದ್ದು, ಇವರನ್ನೇ ಕೇಳಿ' ಅಂದರು. ಆ ಒಂದು ಮಾತಿಗೆ ಇವರ ಹತ್ತು ತಪ್ಪನ್ನು ಮನ್ನಿಸಬಹುದು.

ನಾನು ಎಸ್‌ಎಂಪಿಎಸ್ ತೋರಿಸಿ ಅಂದೆ. ಗೋಡೆಯಿಂದ ಬರುವ ೨೩೦ ವೋಲ್ಟನ್ನು ಹನ್ನೆರಡು, ಐದು, ಮೂರೂಕಾಲು ಚಿಲ್ಲರೆ ವೋಲ್ಟುಗಳಾಗಿ ಒಡೆದು ಹಂಚುವ ತಗಡಿನ ಡಬ್ಬ ಅದು. ಸಾಮಾನ್ಯವಾಗಿ ಅದನ್ನು ಯಾರೂ ಕೇಳುವುದಿಲ್ಲ. ಕ್ಯಾಬಿನೆಟ್ಟಿನ ಜೊತೆಗೇ ಬರುತ್ತೆ, ಮದುವೆ ಊಟದ ಜೊತೆ ಎಲೆ ಬಂದ ಹಾಗೆ. ಮೇಲೆ ೪೫೦ ವ್ಯಾಟ್ ಅಂತ ಚೀಟಿ. ಎತ್ತಿ ನೋಡಿದೆ, ಖಾಲಿ ಬಿಸ್ಕತ್ತಿನ ಡಬ್ಬದಷ್ಟು ಹಗುರ. ಇನ್ನೊಂದನ್ನು ಒಳಗಿನಿಂದ ತರಿಸಿದ. ಅದರ ಚೀಟಿಯಲ್ಲಿ ಬರೀ ೩೫೦, ಬೆಲೆ ೧,೭೦೦. ತೂಕ ಮಾತ್ರ ಸೇರುಗಲ್ಲಿನ ಹಾಗೆ.

ಹೊರಗೆ ಅಂಗಳದ ಮೂಲೆಯಲ್ಲಿ ಮದರ್‌ಬೋರ್ಡು ರಿಪೇರಿ ಮಾಡುವವನೊಬ್ಬ ಸ್ಟೂಲು ಹಾಕಿಕೊಂಡು ಕೂತಿದ್ದ. ಕಾರಣ ಅವನು ತೋರಿಸಿದ. ಬಿಚ್ಚಿಟ್ಟ ಅಗ್ಗದ ಡಬ್ಬದ ಒಳಗೆ ಕೆಪಾಸಿಟರ್ ಇರಬೇಕಾದ ಕಡೆ ಬರೀ ತೂತು. ಸುರುಳಿ ಕೂರಬೇಕಾದ ಕಡೆ ಒಂದು ತುಂಡು ತಂತಿಯನ್ನು ಬೆಸೆದು ದಾಟಿಸಿದ್ದರು. ಪಕ್ಕದಲ್ಲಿ ಸತ್ತ ಬೋರ್ಡುಗಳ ಗುಡ್ಡೆ. ಅವುಗಳ ಮೇಲಿನ ಪುಟ್ಟ ಉರುಟು ಕೆಪಾಸಿಟರುಗಳ ತಲೆ ಊದಿ ಒಡೆದು ಕಂದು ರಸ ಸೋರಿತ್ತು. ೨೦೦೦ದ ಆಚೀಚೆ ತಯಾರಾದ ಬೋರ್ಡುಗಳಿಗೆ ಹೀಗೊಂದು ಪಿಡುಗು ಜಗತ್ತಿನಾದ್ಯಂತ ಬಡಿದಿತ್ತು. ಒಳಗಿನ ದ್ರಾವಣ ಸರಿಯಿಲ್ಲದೆ ಅನಿಲ ತುಂಬಿಕೊಂಡು ಒಡೆಯುತ್ತಿದ್ದವು. ಮೇಲಿಂದ ಕೆಟ್ಟ ಕರೆಂಟು, ದೆಹಲಿಯ ನಲವತ್ತೈದು ಡಿಗ್ರಿ ಬಿಸಿಲು ಸೇರಿದರೆ ಕೇಳಬೇಕೆ. ಅವನಿಗೆ ಚಹಾ ಕುಡಿಸಿದ್ದಕ್ಕೆ ಇಷ್ಟು ಪಾಠವಾಯಿತು. ಒಳಗೆ ಹೋಗಿ ಆ ಭಾರದ ಡಬ್ಬವನ್ನೇ ತೆಗೆದಿಡಿ ಅಂದೆ.

ಎರಡನೆಯದು ಮಾನಿಟರು. ಪೆನ್‌ಡ್ರೈವಿನಲ್ಲಿ ಬರಹ ತಂತ್ರಾಂಶವನ್ನೂ ನನ್ನದೇ ಒಂದು ಪುಟವನ್ನೂ ಒಯ್ದಿದ್ದೆ. ಅಂಗಡಿಯವನು ಮೂರು ಪರದೆಗಳ ಮೇಲೆ ಕನ್ನಡ ತೆರೆದು ನಿಂತ. 'ಯೇ ಮದ್ರಾಸೀ ಹೈ?' ಅಂತ ಕೇಳಿದ. ಕನ್ನಡ, ಬೆಂಗಳೂರು ಕಡೆಯದು ಅಂದೆ. 'ಗೋಲ್ ಗೋಲ್ ಹೈ, ಜಲೇಬಿ ಜೈಸಾ' ಅಂದ. ಹುಳುಹುಪ್ಪಟೆಗಿಂತ ಜಿಲೇಬಿ ವಾಸಿ. ಇಂಗ್ಲಿಷ್ ಅಕ್ಷರಕ್ಕೆ ಯಾವ ಪರದೆಯಾದರೂ ನಡೆದೀತು. ನಮ್ಮದು ಹಾಗಲ್ಲ. 'ದ'ಕ್ಕೂ 'ಧ'ಕ್ಕೂ ಹೊಟ್ಟೆಯ ಕೆಳಗೊಂದು ಸೀಳಷ್ಟೇ ಅಂತರ. 'ಸ್ತ್ರೀ' ಅಂತ ಬರೆದರೆ ಕೆಳಗೆ ಎರಡು ಒತ್ತು ತೂಗಬೇಕು. ಹಳೆ ಡಬ್ಬದ ಮಾನಿಟರಿನಲ್ಲಿ ಒತ್ತುಗಳು ಮಂಜಾಗಿ ಒಂದಕ್ಕೊಂದು ಅಂಟಿಕೊಂಡವು. ಹದಿನೇಳು ಇಂಚಿನ ಎಲ್‌ಸಿಡಿಯಲ್ಲಿ ಗೆರೆ ಗೆರೆಯೂ ಬಿಡಿಬಿಡಿ. ಔಷಧಿಯ ಪ್ರಮಾಣ ಬರೆಯುವ ಕೈಪಿಡಿಯಲ್ಲಿ ಅಕ್ಷರ ಕಾಣದೆ ಹೋದರೆ ಹೇಗೆ? ಬೆಲೆ ಮಾತ್ರ ಹತ್ತೂವರೆ ಸಾವಿರ, ಡಬ್ಬದ್ದರ ಹತ್ತಿರ ಹತ್ತಿರ ಎರಡರಷ್ಟು. ಆದರೆ ಅಪ್ಪನ ಪ್ರಶ್ನೆ ಇಲ್ಲೂ ಕೆಲಸಕ್ಕೆ ಬಂತು. ಡಬ್ಬದ ಮಾನಿಟರು ಎಳೆಯುವುದರಲ್ಲಿ ಅರ್ಧದಷ್ಟೂ ಎಲ್‌ಸಿಡಿ ಎಳೆಯುವುದಿಲ್ಲ. ಅದೇ ಯುಪಿಎಸ್ಸಿನ ಮೇಲೆ ಇನ್ನಷ್ಟು ನಿಮಿಷ ಹೆಚ್ಚು ಸಿಗುತ್ತೆ. ಕರೆಂಟು ಹೋದಾಗ ವಾಕ್ಯ ಮುಗಿಸಿ, ಉಳಿಸಿ, ಸಮಾಧಾನವಾಗಿ ಆರಿಸಬಹುದು.

ಇಷ್ಟಕ್ಕೆ ದುಡ್ಡು ಹೋದ ಮೇಲೆ ಕೋರ್ ಟು ಡ್ಯುಯೊ ಎಲ್ಲಿಂದ ಬರಬೇಕು? ಎಎಂಡಿಯ ಸೆಂಪ್ರಾನ್ ಸಾಕು ಅಂದೆ. ವ್ಯಾಪಾರಿಯ ಮುಖ ಬಾಡಿತು. 'ಮೇಡಂ, ಇಂಜಿನ್ನು ಸ್ಕೂಟರಿನದು, ಬಾಡಿ ಮರ್ಸಿಡಿಸ್‌ದು' ಅಂದ. ನಾನು ಟೈಪ್ ಮಾಡುವ ವೇಗಕ್ಕೆ ಸ್ಕೂಟರೇ ಹೆಚ್ಚು. ಗ್ರಾಫಿಕ್ಸ್ ಕಾರ್ಡು ಬೇಡ, ಡಿವಿಡಿ ರೈಟರು ಬೇಡ, ೮೦ ಜಿಬಿ ಹಾರ್ಡ್‌ಡಿಸ್ಕು ಸಾಕು. ವಿಂಡೋಸ್ ಎಕ್ಸ್‌ಪಿ ಮಾತ್ರ ಬಿಲ್ಲಿನ ಜೊತೆ ಅಸಲಿಯದೇ ಬೇಕು ಅಂದಾಗ ಅಂಗಡಿಯ ಹುಡುಗರೆಲ್ಲ ಒಮ್ಮೆ ತಿರುಗಿ ನೋಡಿದರು. ಎಕ್ಸ್‌ಪಿಯಲ್ಲಿ ತುಂಗಾ ಅನ್ನುವ ಕನ್ನಡ ಅಕ್ಷರ ಇತ್ತು. ಆದರೆ ಅದು ಎಚ್ಚರವಾಗಬೇಕಾದರೆ ಮೂಲ ಸೀಡಿ ಕೇಳುತ್ತಿತ್ತು. ಒಟ್ಟು ೩೧,೪೦೦ ಆಯಿತು. ದೆಹಲಿಯ ಆಟೋದವರು ಯುಪಿ ಬಾರ್ಡರ್ ದಾಟಲು ಒಪ್ಪದೆ, ಗಡಿಯಲ್ಲಿ ಇಳಿದು, ಮಾನಿಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸೈಕಲ್ ರಿಕ್ಷಾದಲ್ಲಿ ಮನೆ ಸೇರಿದೆವು.

ರಾತ್ರಿ ಎಲ್ಲ ಜೋಡಿಸಿ, ಒಂದು ಸಾಲು ಕನ್ನಡ ಟೈಪ್ ಮಾಡಿ, ಸಂತೋಷಕ್ಕೆ ಕ್ಯಾಬಿನೆಟ್ಟಿನ ಮೇಲೆ ಕೈ ಇಟ್ಟೆ. ಜುಮ್ ಅಂತು. ಇವರು ಮುಟ್ಟಿದರು, ಇವರಿಗೂ ಜುಮ್. ಟೆಸ್ಟರ್ ಇಟ್ಟರೆ ತಗಡಿನ ಮೈಯೆಲ್ಲ ಮಿಣಮಿಣ ಉರಿಯಿತು. 'ಸಾವಿರದ ಏಳುನೂರು ಕೊಟ್ಟು ಷಾಕು ತಂದೆಯಲ್ಲೇ' ಅಂದರು.

ಅಪ್ಪನಿಗೆ ಫೋನು. ಒಂದು ಹೋಲ್ಡರಿಗೆ ಬಲ್ಬು ಹಾಕಿ ಎರಡು ತಂತಿ ಬಿಡಿ, ಒಂದನ್ನು ಫೇಸಿಗೆ, ಇನ್ನೊಂದನ್ನು ಮೇಲಿನ ದಪ್ಪ ತೂತಿಗೆ ಕೊಡಿ, ಚಪ್ಪಲಿ ಹಾಕ್ಕೊಳ್ಳಿ ಅಂದರು. ಇವರು ಹಾಗೇ ಮಾಡಿದರು. ಬಲ್ಬು ಹತ್ತಲಿಲ್ಲ. ಅಂದರೆ ಗೋಡೆಯ ಮೂರನೇ ತೂತಿನ ಹಿಂದೆ ಏನೂ ಇರಲಿಲ್ಲ. ಮಾಲೀಕರನ್ನು ಕೇಳಿದರೆ, 'ಎರಡು ತಂತಿ ಸಾಕಲ್ಲ? ಇಪ್ಪತ್ತು ವರ್ಷದಿಂದ ಹೀಗೇ ಇದೆ' ಅಂದರು.

ಇದರಲ್ಲಿ ಒಂದು ತಮಾಷೆಯಿದೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಕರೆಂಟಿನ ಕೊಳೆ ಸೋಸುವುದಕ್ಕೆ ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಪುಟ್ಟ ಕೆಪಾಸಿಟರನ್ನು ತಗಡಿನ ಮೈಗೆ ಕಟ್ಟಿರುತ್ತಾರೆ. ಸೋಸಿದ ಕೊಳೆ ಅರ್ಥ್ ತಂತಿಯಲ್ಲಿ ನೆಲಕ್ಕೆ ಇಳಿಯಬೇಕು. ಅರ್ಥ್ ಇಲ್ಲದಿದ್ದರೆ ಇಳಿಯಲು ದಾರಿಯಿಲ್ಲದೆ ೨೩೦ರ ಅರ್ಧ ವೋಲ್ಟೇಜು ಮೈಮೇಲೇ ನಿಲ್ಲುತ್ತೆ. ಅಗ್ಗದ ಡಬ್ಬದಲ್ಲಿ ಆ ಕೆಪಾಸಿಟರುಗಳನ್ನೇ ಹಾಕದೆ ಉಳಿಸಿರುತ್ತಾರಾದ್ದರಿಂದ ಅದು ಜುಮ್ ಅನ್ನುವುದೂ ಇಲ್ಲ. ಅಪ್ಪ ಇದನ್ನು ಒಂದೇ ಸಾಲಲ್ಲಿ ಹೇಳಿದರು: 'ಸಾಮಾನು ಒಳ್ಳೇದೇ ತಂದಿದ್ದೀಯ, ಅದಕ್ಕೇ ಕಚ್ತಾ ಇದೆ.' ಸ್ವಲ್ಪ ಹೊತ್ತು ಬಿಟ್ಟು, 'ನಾನೇ ಬರ್ತೀನಿ' ಅಂದರು.

ಐದು ವರ್ಷದಿಂದ ಕರೆದರೂ ಬಾರದಿದ್ದವರು. ಅಮ್ಮ ಹೋದ ಮೇಲಂತೂ ಊರು ಬಿಟ್ಟು ಕದಲಿರಲಿಲ್ಲ. ಆ ಚಳಿಗೆ, ಆ ಭಾಷೆಗೆ ನಾನು ಬರಲ್ಲ ಅನ್ನುತ್ತಿದ್ದರು. ನವೆಂಬರ್ ನಡುವಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು, ಕಟಿಂಗ್ ಪ್ಲೇಯರು, ಟೆಸ್ಟರು, ಒಂದು ಚೀಲ ಕೊಬ್ಬರಿಯ ಜೊತೆ ನವದೆಹಲಿ ಸ್ಟೇಷನ್ನಿನಲ್ಲಿ ಇಳಿದರು. ಅಷ್ಟರಲ್ಲಿ ನಾನು ಕಾಲಡಿಗೆ ಮರದ ಹಲಗೆ ಹಾಕಿಕೊಂಡು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ನಲವತ್ತು ಪುಟ ಮುಗಿಸಿದ್ದೆ.

ನಾವಿದ್ದದ್ದು ನೆಲಮಹಡಿ, ಹಿಂದೆ ಮೂರು ಮಾರು ಮಣ್ಣಿನ ಜಾಗ. ಮಾಲೀಕರು ಮೊದಲು ಒಪ್ಪಲಿಲ್ಲ. ಅಪ್ಪ ಅವರ ಫ್ರಿಜ್ಜಿಗೆ ಟೆಸ್ಟರ್ ಇಟ್ಟು ತೋರಿಸಿದರು. ಅದೂ ಉರಿಯಿತು. ಮಾಲೀಕರ ಹೆಂಡತಿ ಗಂಡನನ್ನು ನೋಡಿದ ನೋಟಕ್ಕೆ ಅನುವಾದ ಬೇಕಿರಲಿಲ್ಲ.

ಬೀದಿಯ ಕೊನೆಯ ಅಂಗಡಿಯಿಂದ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಅವನಿಗೆ ಕನ್ನಡ ಬಾರದು, ಅಪ್ಪನಿಗೆ ಹಿಂದಿ ಬಾರದು. ದುಭಾಷಿಗೆ ಅಂತ ನಾನು ನಿಂತೆ. ಹತ್ತು ನಿಮಿಷಕ್ಕೆ ನನ್ನ ಅಗತ್ಯ ಇಲ್ಲವಾಯಿತು. ಫೇಸ್, ನ್ಯೂಟ್ರಲ್, ಅರ್ಥ್, ಜಿಐ ಪೈಪ್, ನಟ್ಟು, ವಾಷರು, ಟೈಟು, ಲೂಸು. ದಿನವಿಡೀ ಇಬ್ಬರೂ ಇಷ್ಟರಲ್ಲೇ ಮಾತಾಡಿದರು, ಜಗಳ ಕೂಡ ಆಡಿದರು. ಎಂಟಡಿ ಆಳದ ಗುಂಡಿ. ತಿಪಟೂರಿನ ಕಡೆ ಅಷ್ಟು ತೋಡಬೇಕಾದರೆ ಹಾರೆ ಬೇಕು, ಗಂಗಾ ಯಮುನೆಯರ ಆ ಮೆಕ್ಕಲು ಮಣ್ಣಿನಲ್ಲಿ ಗುದ್ದಲಿ ಬೆಣ್ಣೆಗೆ ಹೋದ ಹಾಗೆ ಹೋಯಿತು. 'ಒಂದೇ ಒಂದು ಕಲ್ಲು ಸಿಗಲಿಲ್ಲವಲ್ಲೇ' ಅಂತ ಅಪ್ಪ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ನೋಡಿದರು. ತೂತು ಕೊರೆದ ಪೈಪು ನಿಲ್ಲಿಸಿ, ಇಸ್ತ್ರಿಯವನಿಂದ ತಂದ ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ, ಮತ್ತೆ ಇದ್ದಿಲು. ತುದಿಗೊಂದು ಆಲಿಕೆ. ಸಂಜೆ ಮತ್ತೆ ಅದೇ ಬಲ್ಬು ಹಿಡಿದಾಗ ಮೂರನೇ ತೂತಿನಲ್ಲಿ ಝಗ್ ಅಂತ ಹತ್ತಿತು. ಕ್ಯಾಬಿನೆಟ್ಟು ಮುಟ್ಟಿದೆ. ತಣ್ಣನೆಯ ತಗಡು, ಅಷ್ಟೆ.

ಅಪ್ಪ ಹದಿನೆಂಟು ದಿನ ಇದ್ದರು. ನಾನು ಟೈಪ್ ಮಾಡಿದ ಪುಟಗಳನ್ನು ಕನ್ನಡಕ ಏರಿಸಿಕೊಂಡು ಪರದೆಯ ಮೇಲೇ ಓದಿ, 'ನಂಜು ಅಂತ ಬರಿ, ಸೋಂಕು ಅಂದ್ರೆ ನಮ್ಮ ಹಳ್ಳಿ ಹೆಂಗಸರಿಗೆ ಬೇರೇನೋ ಆಗುತ್ತೆ' ಅಂತೆಲ್ಲ ತಿದ್ದುತ್ತಿದ್ದರು. ಕೆಲವನ್ನು ಒಪ್ಪಿಕೊಂಡೆ. ಕೈಪಿಡಿ ಜನವರಿ ಮೊದಲ ವಾರ ಮುಗಿಯಿತು, ೧೪,೪೦೦ ರೂಪಾಯಿಯ ಚೆಕ್ಕು ಮಾರ್ಚಿಗೆ ಬಂತು. ಊರಿಗೆ ಹೋದ ಮೇಲೆ ಪ್ರತಿ ಭಾನುವಾರ ಅಪ್ಪನ ಫೋನು ಶುರುವಾಗುತ್ತಿದ್ದದ್ದು ಕ್ಷೇಮಸಮಾಚಾರದಿಂದಲ್ಲ. 'ಗುಂಡಿಗೆ ನೀರು ಹಾಕಿದ್ಯಾ?' ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥ್ ಸತ್ತಂತೆ. ನಲ್ಲಿಯಲ್ಲಿ ನೀರೇ ಬಾರದ ಜೂನ್ ತಿಂಗಳಲ್ಲೂ ಅಕ್ಕಿ ತೊಳೆದ ನೀರನ್ನಾದರೂ ಒಯ್ದು ಆಲಿಕೆಗೆ ಸುರಿಯುತ್ತಿದ್ದೆ.

೨೦೧೧ರಲ್ಲಿ ಮೆಟ್ರೊ ವೈಶಾಲಿಯವರೆಗೆ ಬಂತು. ಬಾಡಿಗೆಯೂ ಅದರ ಜೊತೆಗೇ ಏರಿತು. ನಾವು ಮನೆ ಬದಲಾಯಿಸಿದೆವು. ಕಂಪ್ಯೂಟರನ್ನು ಒಯ್ದೆವು, ಪೈಪು ಕೀಳುವ ಹಾಗಿರಲಿಲ್ಲ. ಹೊಸದಾಗಿ ಬಂದವರು ಬಿಹಾರದ ಒಂದು ಸಂಸಾರ. ಬೀಗದ ಕೈ ಕೊಡುವಾಗ ಆ ಹೆಣ್ಣುಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಆಲಿಕೆ ತೋರಿಸಿ, ವಾರಕ್ಕೊಂದು ಬಕೆಟ್ ನೀರು ಹಾಕಬೇಕು ಅಂತ ಹೇಳಿದೆ. ತುಳಸಿ ಗಿಡ ಏನಾದರೂ ಇದೆಯಾ ಅಂತ ಅವಳು ಬಗ್ಗಿ ನೋಡಿದಳು.