ಮಡಕೆ ತಟ್ಟಿ ನೋಡಿದ ಹಾಗೆ

ಮಡಕೆ ಕೊಳ್ಳುವಾಗ ನೀವೇನು ಮಾಡುತ್ತೀರಿ? ಬೆರಳು ಮಡಚಿ ಒಂದು ಸಲ ತಟ್ಟಿ ನೋಡುತ್ತೀರಿ ತಾನೇ? ‘ಟಣ್’ ಎಂದರೆ ಗಟ್ಟಿ, ‘ಬದ್’ ಎಂದರೆ ಬಿರುಕು. ನಮ್ಮ ಈ ಹಳೇ ಉಪಾಯ ಆಕಾಶದ ಕಪ್ಪು ರಂಧ್ರಕ್ಕೂ ನಡೆಯುತ್ತದೆ ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ ಈ ನಿಜಲಿಂಗಪ್ಪ ಬಡಾವಣೆಗೆ ಬಂದವಳು ನಾನು. ಆಕಾಶ ನೋಡುತ್ತಿದ್ದುದು ಸಂಡಿಗೆ ಹಾಕುವ ದಿನ, ಮೋಡ ಇದೆಯೇ ಎಂದು ಮಾತ್ರ.

ನನ್ನ ಮಗಳು ಬಿ.ಎಸ್ಸಿ. ಕೊನೇ ವರ್ಷ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಲು ಬೆಂಗಳೂರಿಗೆ ಹೋಗಬೇಕೆಂದು ಅವಳ ಹಟ. ನಮ್ಮ ಮನೆಯವರು “ಇಲ್ಲೇ ಬಿ.ಎಡ್. ಮಾಡ್ಲಿ, ಸಾಕು” ಎಂದು ಮಾತು ಮುಗಿಸಿದ್ದರು. ಅವಳು ಅಡುಗೆಮನೆಗೆ ಬಂದು ಅತ್ತಳು.

“ಅದೇನು ಓದ್ತೀಯ ಅಂತ ನನಗೆ ಹೇಳು. ನನಗೆ ತಿಳಿದ್ರೆ ನಿಮ್ಮಪ್ಪಂಗೆ ನಾನು ಹೇಳ್ತೀನಿ” ಎಂದೆ.

“ನಿನಗೆ ಗೊತ್ತಾಗಲ್ಲ ಬಿಡಮ್ಮ” ಎಂದಳು. ಆ ಮಾತು ಚುಚ್ಚಿತು, ಸುಳ್ಳೇಕೆ ಹೇಳಲಿ.

ಒಂದು ರಾತ್ರಿ ಕರೆಂಟು ಹೋಗಿತ್ತು. ಮಾಳಿಗೆ ಮೇಲೆ ಚಾಪೆ ಹಾಸಿ ಕುಳಿತಾಗ ತಾನಾಗಿಯೇ ಶುರು ಮಾಡಿದಳು. ನಕ್ಷತ್ರವೂ ಒಂದು ಒಲೆಯಂತೆ. ಒಳಗಿನ ಉರಿ ಹೊರಕ್ಕೆ ಒತ್ತುತ್ತದೆ, ಅದರದೇ ಭಾರ ಒಳಕ್ಕೆ ಎಳೆಯುತ್ತದೆ. ಉರುವಲು ತೀರಿತೋ, ಭಾರದ್ದೇ ಮೇಲುಗೈ. ನಮ್ಮ ಸೂರ್ಯ ಸುಮಾರು 500 ಕೋಟಿ ವರ್ಷ ಕಳೆದ ಮೇಲೆ ಕುಗ್ಗಿ, ಭೂಮಿಯಷ್ಟೇ ಗಾತ್ರದ ‘ಶ್ವೇತ ಕುಬ್ಜ’ವಾಗುತ್ತಾನಂತೆ. (ಅಷ್ಟರೊಳಗೆ ನಮ್ಮ ಸಂಡಿಗೆ ಒಣಗಿರುತ್ತದೆ, ಹೆದರಬೇಡಿ.) ಆದರೆ ಉಳಿದ ಬೂದಿಯ ಭಾರ ಸೂರ್ಯನ 1.4 ಪಟ್ಟು ಮೀರಿದರೆ ಅದು ಹಾಗೆ ನಿಲ್ಲಲಾರದು. 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತ ಈ ಲೆಕ್ಕ ಶುರುಮಾಡಿದ ಎಸ್. ಚಂದ್ರಶೇಖರ್ ಅವರಿಗೆ ಆಗ ಬರೀ 19 ವರ್ಷ!

ಅಂಥದ್ದು ಇನ್ನೂ ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ. ಅಗಲ ಸುಮಾರು 20 ಕಿಲೋಮೀಟರ್, ಅಂದರೆ ನಮ್ಮೂರಿಂದ ಹರಿಹರ ದಾಟಿ ಸ್ವಲ್ಪ ಮುಂದಕ್ಕೆ. ಅಷ್ಟರಲ್ಲೇ ಸೂರ್ಯನಿಗಿಂತ ಹೆಚ್ಚು ಭಾರ. ಒಂದು ಚಮಚ ತೆಗೆದರೆ ನೂರಾರು ಕೋಟಿ ಟನ್. ಅದಕ್ಕೂ ಭಾರವಾದರೆ ಕಪ್ಪು ರಂಧ್ರ. ಅದರಿಂದ ಬೆಳಕೂ ಹೊರಬರದು.

“ಕಾಣದೇ ಇರೋದು ಐತೆ ಅಂತ ಹೆಂಗೆ ಗೊತ್ತಾಗುತ್ತೆ?” ಎಂದೆ.

“ನೀನು ಮಡಕೆ ತಟ್ಟಿ ನೋಡ್ತೀಯಲ್ಲ, ಹಂಗೆ” ಎಂದಳು.

ಹಾಗೆ ತಟ್ಟಿ ನೋಡಿದವರು ನಮ್ಮವರೇ, ಸಿ.ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ತೋರಿಸುತ್ತೇವಲ್ಲ ನೆಹರೂ ತಾರಾಲಯ, ಅದರ ಮೊದಲ ನಿರ್ದೇಶಕರೂ ಇವರೇ. ಅಮೆರಿಕದಲ್ಲಿದ್ದಾಗ ಇವರು ಲೆಕ್ಕದಲ್ಲೇ ಕಪ್ಪು ರಂಧ್ರದ ಮೇಲೆ ಗುರುತ್ವದ ಅಲೆ ಹಾಯಿಸಿ ನೋಡಿದರು. ಅದು ತಟ್ಟಿದ ಗಂಟೆಯಂತೆ ಮಿಡಿದು ಬೇಗನೆ ಅಡಗುತ್ತದೆ, ಆ ಮಿಡಿತದಲ್ಲೇ ಅದರ ಭಾರವೂ ತಿಳಿಯುತ್ತದೆ ಎಂದು 1970ರಲ್ಲಿ ತೋರಿಸಿದರು. ಅದನ್ನು ಹಿಡಿಯಬಲ್ಲ ಯಂತ್ರ ಆಗ ಇರಲಿಲ್ಲ. 2015ರ ಸೆಪ್ಟೆಂಬರ್ 14ರಂದು, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪು ರಂಧ್ರಗಳು ಸೇರಿ ಒಂದಾದಾಗ ಎದ್ದ ಅಲೆ ಅಮೆರಿಕದ ಲೈಗೋ ಯಂತ್ರಗಳಿಗೆ ಸಿಕ್ಕಿತು. ಅಲೆಯ ಕೊನೆಯಲ್ಲಿ ಅದೇ ಅಡಗುವ ಮಿಡಿತ! ಮುಂದಿನ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. 45 ವರ್ಷ ಕಾದ ಲೆಕ್ಕ ನೋಡಿ.

ಮಾರನೇ ದಿನ ಊಟಕ್ಕೆ ಕುಳಿತ ನಮ್ಮ ಮನೆಯವರ ಮುಂದೆ ಹಿತ್ತಾಳೆ ಚೊಂಬು ತಟ್ಟಿ ಇದಿಷ್ಟೂ ಹೇಳಿದೆ. ಒಂದು ಕಡೆ ತಪ್ಪಿದೆ, ಮಗಳು ಒಳಗಿನಿಂದಲೇ ತಿದ್ದಿದಳು. ಅವರು ರೊಟ್ಟಿ ಮುರಿಯುತ್ತ ಸುಮ್ಮನೆ ಕೇಳಿದರು. ಕೈ ತೊಳೆದು ಬಂದು, “ಅರ್ಜಿ ಹಾಕೋಕೆ ಕೊನೇ ದಿನ ಯಾವತ್ತಂತೆ?” ಎಂದರು.

ಹಾಸ್ಟೆಲ್ ಖರ್ಚಿನ ಮಾತು ಇನ್ನೂ ಬಾಕಿ ಇದೆ.