ಮಳೆರಾಯನ ಹಾಡು ಮತ್ತು ದಾಸೋಹ

ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ಹುಟ್ಟುವುದು ನಂದಿಬೆಟ್ಟದ ಸುತ್ತಣ ಬೆಟ್ಟಸಾಲಿನಲ್ಲಿ. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮುಗಿಲು ಮುನಿದರೆ ಕೆರೆ ಬರಿದಾಗುತ್ತದೆ. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ನೀರು ಕಾಣದಿರುವುದುಂಟು. 1876–78ರ ಧಾತು, ಈಶ್ವರ ಸಂವತ್ಸರಗಳ ಕ್ಷಾಮ ಮೈಸೂರು ಸಂಸ್ಥಾನವನ್ನೇ ನಡುಗಿಸಿತು. 2023ರಲ್ಲಿಯೂ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಇಂತಹ ಸಂಕಟದಲ್ಲಿ ಹಳ್ಳಿಗರಿಗೆ ಸಾಂತ್ವನವಾಗಿ ಬಂದುದು ಮಳೆರಾಯನ ಹಾಡು. ಮಣ್ಣಿನ ಮೂರ್ತಿಯೊಂದನ್ನು ಮಾಡಿ, ಹಲಗೆಯ ಮೇಲಿರಿಸಿ, ಬಾಲಕನೊಬ್ಬನ ತಲೆಗೆ ಹೊರಿಸಿ ಮಕ್ಕಳು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯೊಡತಿ ಮೂರ್ತಿಗೆ ನೀರೆರೆದು, ರಾಗಿಹಿಟ್ಟನ್ನೋ ಅಕ್ಕಿಯನ್ನೋ ನೀಡುತ್ತಾಳೆ. ಕೂಡಿಬಂದ ಧಾನ್ಯ ಒಂದೆಡೆ ಬೆಂದು ಎಲ್ಲರ ಊಟವಾಗುತ್ತದೆ.

ಇಷ್ಟಲಿಂಗವನ್ನು ಧರಿಸಿದ ಭಕ್ತರಿಗೆ ಇಲ್ಲೊಂದು ಸಂದೇಹ ಏಳುವುದು ಸಹಜ. ಬೆಂಕಿಯ ಮುಂದೆ ಅಳಿದುಹೋಗುವ ದೈವಗಳನ್ನು ಬಸವಣ್ಣನವರು ಒಪ್ಪಲಿಲ್ಲ. ನೀರಿಗೆ ಕರಗುವ ಈ ಮಣ್ಣಿನ ಮೂರ್ತಿಯೂ ಅಂತಹುದೇ ಅಲ್ಲವೇ? ಹಾಡುತ್ತ ಬಂದ ಮಕ್ಕಳು ಅಂಗಳದಲ್ಲಿ ನಿಂತಾಗ ಶರಣೆಯು ಕದ ಮುಚ್ಚಬೇಕೆ, ಮೊರ ಹಿಡಿದು ಹೊರಬರಬೇಕೆ?

ಉತ್ತರವೂ ಬಸವಣ್ಣನವರಲ್ಲಿಯೇ ಇದೆ. ಅನ್ನದ ಅಗುಳು ಕಂಡ ಕಾಗೆ ತಾನೊಂದೇ ತಿನ್ನದೆ ಬಳಗವನ್ನು ಕರೆಯುವುದನ್ನು ಅವರು ವಚನವೊಂದರಲ್ಲಿ ತೋರಿಸುತ್ತಾರೆ. ಆ ಗುಣವಿಲ್ಲದ ಶಿವಭಕ್ತನು ಕಾಗೆಗಿಂತಲೂ ಕಡೆಯೆನ್ನುತ್ತಾರೆ. ಮಳೆರಾಯನ ಹಾಡೂ ಬಳಗವನ್ನು ಕರೆಯುವ ಕೂಗೇ ಆಗಿದೆ. ಹಾಡು ಮಳೆ ತರುವುದೋ ಇಲ್ಲವೋ, ಕೇರಿ ಕೇರಿ ಸುತ್ತುವಾಗ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದು ಊರಿಗೆ ತಿಳಿಯುತ್ತದೆ. ಹಿಟ್ಟಿಲ್ಲದ ಮನೆಯ ತಾಯಿ ಒಂದು ತಂಬಿಗೆ ನೀರನ್ನಷ್ಟೇ ಎರೆಯಬಹುದು. ಊಟದ ಪಂಕ್ತಿಯಲ್ಲಿ ಅವಳ ಮಕ್ಕಳಿಗೂ ಸಮನಾದ ಪಾಲು. ಅವಳು ಬೇಡಲಿಲ್ಲ, ಅವಳೂ ನೀಡಿದವಳೇ.

ಬರಗಾಲದಲ್ಲಿ ಹಸಿವಿಗಿಂತ ಹೆಚ್ಚು ನೋಯಿಸುವುದು ಕೈಯೊಡ್ಡುವ ನಾಚಿಕೆ. ದಾಸೋಹದಲ್ಲಿ ನೀಡುವವನಿಗೆ ಅಹಂಕಾರವಿಲ್ಲ, ಪಡೆಯುವವನಿಗೆ ಕೀಳರಿಮೆಯಿಲ್ಲ. ಈ ತತ್ತ್ವವನ್ನು ಅಕ್ಷರವರಿಯದ ಜನಪದರು ಹಾಡಿನ ಮೂಲಕ ಆಚರಣೆಗೆ ತಂದರು. ಮೂರ್ತಿಗೆ ಕೈಮುಗಿಯದ ಭಕ್ತನೂ ಆ ಮಕ್ಕಳ ಜೋಳಿಗೆಗೆ ಒಂದು ಮೊರ ರಾಗಿ ನೀಡಬಹುದು. ಅದು ಮಣ್ಣಿಗೆ ಸಂದ ನೈವೇದ್ಯವಲ್ಲ, ಹಸಿದ ಜಂಗಮಕ್ಕೆ ಸಂದ ದಾಸೋಹ.